ಬಿಪಿ ನಾರ್ಮಲ್ ಬಂತೆಂದು ಬಿಟ್ಟ ಮಾತ್ರೆ

ಲಾಲ್‌ಬಾಗಿನಲ್ಲಿ ಬೆಳಗಿನ ನಡಿಗೆ ಮುಗಿಸಿ ಕಲ್ಲುಬೆಂಚಿನ ಮೇಲೆ ಕೂರುವ ಹಿರಿಯರ ಮಾತಿಗೆ ಸ್ವಲ್ಪ ಹೊತ್ತು ಕಿವಿಗೊಟ್ಟರೆ, ಹಳದಿ ಮಾರ್ಗದ ಮೆಟ್ರೊ, ಮನೆಯ ಖಾತೆ, ಅಮೆರಿಕದ ಮೊಮ್ಮಕ್ಕಳು ಇವೆಲ್ಲ ಮುಗಿಯುವಷ್ಟರಲ್ಲಿ ಮಾತ್ರೆಗಳ ವಿಚಾರ ಬಂದೇ ಬರುತ್ತದೆ. ಅದರಲ್ಲಿ ಒಂದು ಮಾತು ನನಗೆ ಬಹಳ ದಿನಗಳಿಂದ ಕಿರಿಕಿರಿ ಮಾಡುತ್ತಿದೆ. "ಈಗ ನನಗೆ ನೂರಿಪ್ಪತ್ತು ಎಂಬತ್ತು. ಆ ಬಿಪಿ ಮಾತ್ರೆ ಬಿಟ್ಟೇಬಿಟ್ಟೆ ನೋಡಿ." ಬ್ಯಾಂಕಿನ ಸಾಲ ತೀರಿಸಿದವರ ದನಿಯಲ್ಲಿ ಇದನ್ನು ಹೇಳುತ್ತಾರೆ, ಸುತ್ತಲಿದ್ದವರೂ ಮೆಚ್ಚಿ ತಲೆದೂಗುತ್ತಾರೆ. ಯಾವ ಮಾತ್ರೆ, ಯಾತಕ್ಕಾಗಿ ಬರೆದದ್ದು ಎಂದು ಕೇಳುವವರು ಕಡಿಮೆ.

ಅಮ್ಲೋಡಿಪಿನ್ ಎಂಬ ಬಿಪಿ ಮಾತ್ರೆಯನ್ನು ಬಿಟ್ಟರೆ ಸಾಮಾನ್ಯವಾಗಿ ಬಿಪಿ ಕೆಲವು ದಿನಗಳಲ್ಲಿ ಮತ್ತೆ ಹಳೆಯ ಮಟ್ಟಕ್ಕೆ ಏರುತ್ತದೆ. ಅದು ಒಳ್ಳೆಯದೇನಲ್ಲ, ಆದರೆ ಆ ಕೆಡುಕು ನಿಧಾನದ್ದು. ಹೆಸರಿನ ಕೊನೆಯಲ್ಲಿ 'ಲಾಲ್' ಬರುವ ಮಾತ್ರೆಗಳ ಲೆಕ್ಕ ಬೇರೆ. ಮೆಟೊಪ್ರೊಲಾಲ್, ಅಟೆನೊಲಾಲ್, ಬೈಸೊಪ್ರೊಲಾಲ್, ನೆಬಿವೊಲಾಲ್, ಕಾರ್ವೆಡಿಲಾಲ್, ಪ್ರೊಪ್ರನೊಲಾಲ್ ಇವೆಲ್ಲ ಬೀಟಾ ಬ್ಲಾಕರ್ ಎಂಬ ಒಂದೇ ಕುಟುಂಬಕ್ಕೆ ಸೇರಿದವು. ಇವನ್ನು ಥಟ್ಟನೆ ನಿಲ್ಲಿಸಿದರೆ ಹೃದಯವು ಮೊದಲಿದ್ದ ಸ್ಥಿತಿಗೆ ಮರಳುವುದಷ್ಟೇ ಅಲ್ಲ, ಅದಕ್ಕಿಂತಲೂ ಕಷ್ಟದ ಸ್ಥಿತಿಯನ್ನು ಸ್ವಲ್ಪ ಕಾಲ ಎದುರಿಸಬೇಕಾಗಬಹುದು.

ಇನ್ನೊಂದು ಸಂಗತಿಯೂ ಇದೆ. ಬೇರೆ ತೊಂದರೆಯಿಲ್ಲದೆ ಬರೀ ಬಿಪಿ ಇರುವವರಿಗೆ ಇಂದು ವೈದ್ಯರು ಮೊದಲು ಬರೆಯುವುದು ಸಾಮಾನ್ಯವಾಗಿ ಅಮ್ಲೋಡಿಪಿನ್, ಟೆಲ್ಮಿಸಾರ್ಟನ್‌ನಂಥವುಗಳನ್ನು. ಹಾಗಿರುವಾಗ ನಿಮ್ಮ ಚೀಟಿಯಲ್ಲಿ ಬೀಟಾ ಬ್ಲಾಕರ್ ಇದೆಯೆಂದರೆ ಅದಕ್ಕೊಂದು ಪ್ರತ್ಯೇಕ ಕಾರಣ ಇರುವ ಸಂಭವವೇ ಹೆಚ್ಚು. ಹಿಂದೆ ಆದ ಹಾರ್ಟ್ ಅಟ್ಯಾಕ್, ನಡೆದಾಗ ಬರುವ ಎದೆನೋವು, ಹೃದಯದ ಪಂಪಿಂಗ್ ಕಡಿಮೆಯಾಗಿರುವುದು, ತಾಳ ತಪ್ಪಿದ ಬಡಿತ, ಇಲ್ಲವೇ ಮೈಗ್ರೇನ್, ಥೈರಾಯ್ಡ್, ಕೈನಡುಕ. ಇವುಗಳಲ್ಲಿ ಯಾವುದಕ್ಕಾಗಿ ಮಾತ್ರೆ ಬರೆದಿದ್ದಾರೋ ಅದು ಬಿಪಿ ಮೆಷಿನ್ನಿನ ಪರದೆಯ ಮೇಲೆ ಕಾಣುವುದಿಲ್ಲ. ನೂರಿಪ್ಪತ್ತು ಎಂಬತ್ತು ಬಂದಿದೆ ಎಂಬುದು ಆ ಮಾತ್ರೆ ಬೇಡ ಎನ್ನುವುದಕ್ಕೆ ಆಧಾರವೇ ಅಲ್ಲ. ಎಷ್ಟೋ ವೇಳೆ ಆ ಸಂಖ್ಯೆ ಬಂದಿರುವುದೇ ಮಾತ್ರೆಯಿಂದ.

ಮೇಲುಕೋಟೆಯ ಮೆಟ್ಟಿಲು

ನನ್ನ ಸೋದರಮಾವನಿಗೆ ಸ್ಟೆಂಟ್ ಹಾಕಿ ಕೆಲವು ವರ್ಷಗಳಾಗಿದ್ದವು. ಆಸ್ಪಿರಿನ್, ಕೊಲೆಸ್ಟ್ರಾಲ್ ಮಾತ್ರೆ, ಮೆಟೊಪ್ರೊಲಾಲ್ ಮೂರನ್ನೂ ಬೆಂಗಳೂರಿನ ಶ್ರೀನಗರದ ಮನೆಯ ದೇವರ ಗೂಡಿನ ಪಕ್ಕದ ಡಬ್ಬಿಯಲ್ಲಿಟ್ಟುಕೊಂಡು ತಪ್ಪದೆ ತೆಗೆದುಕೊಳ್ಳುತ್ತಿದ್ದರು. ನೆಂಟರ ಮನೆಯ ಉಪನಯನಕ್ಕೆ ಮೇಲುಕೋಟೆಗೆ ಹೊರಡುವ ಮುನ್ನ ಮನೆಯ ಮೆಷಿನ್ನಿನಲ್ಲಿ ಬಿಪಿ ನೋಡಿಕೊಂಡಿದ್ದಾರೆ, ಮೇಲಿನದು ನೂರಹದಿನೆಂಟು ಬಂದಿದೆ. ಪ್ರಯಾಣದಲ್ಲಿ ತಲೆ ಸುತ್ತುವುದು ಬೇಡ ಎಂದುಕೊಂಡು ಒಂದು ಸ್ಟ್ರಿಪ್ಪನ್ನು ಮನೆಯಲ್ಲೇ ಬಿಟ್ಟು, ಉಳಿದೆರಡನ್ನು ಜೇಬಿಗೆ ಹಾಕಿಕೊಂಡು ಬಂದರು. ಉಪನಯನ ಸಾಂಗವಾಗಿ ಮುಗಿಯಿತು. ಮರುದಿನ ಬೆಳಿಗ್ಗೆ ಯೋಗಾನರಸಿಂಹನ ದರ್ಶನಕ್ಕೆಂದು ಬೆಟ್ಟ ಹತ್ತುವಾಗ ಅರ್ಧ ದಾರಿಯಲ್ಲಿ ನಿಂತರು. ಎದೆಯನ್ನು ಯಾರೋ ಅದುಮಿದಂತೆ ಆಗುತ್ತಿದೆ ಎಂದರು. ಮೈ ಬಿಳುಚಿತ್ತು. ಮಣಿಕಟ್ಟು ಹಿಡಿದ ನನಗೆ ಎಣಿಸಲು ಆಗದಷ್ಟು ವೇಗವಾಗಿ ನಾಡಿ ಓಡುತ್ತಿತ್ತು.

ಕೆಳಗಿಳಿಸಿ ಕಾರಿನಲ್ಲಿ ಆಸ್ಪತ್ರೆಗೆ ಕರೆದೊಯ್ದಾಗ ಅಲ್ಲಿದ್ದ ಯುವ ಡ್ಯೂಟಿ ಡಾಕ್ಟರು ಇಸಿಜಿ ಹಚ್ಚಿಸುತ್ತಲೇ ಕೇಳಿದ ಮೊದಲ ಪ್ರಶ್ನೆ, "ಇತ್ತೀಚೆಗೆ ಯಾವುದಾದರೂ ಮಾತ್ರೆ ನಿಲ್ಲಿಸಿದ್ದೀರಾ ಸರ್?" ಮಾವ ನೋವಿನಲ್ಲೂ ಸ್ವಲ್ಪ ಹೆಮ್ಮೆಯಿಂದಲೇ ಹೇಳಿದರು: "ಹಾರ್ಟಿಂದೆಲ್ಲ ಸರಿಯಾಗಿ ತಗೋತಿದ್ದೀನಿ ಡಾಕ್ಟ್ರೇ. ಬಿಪಿದು ಒಂದು ಮಾತ್ರ ಬಿಟ್ಟಿದ್ದೆ." ಆ ಬಿಪಿದು ಒಂದು ಯಾವುದೆಂದು ಮನೆಗೆ ಫೋನ್ ಮಾಡಿ, ಅತ್ತೆಯಿಂದ ಸ್ಟ್ರಿಪ್ಪಿನ ಫೋಟೊ ತರಿಸಿ ತೋರಿಸಿದಾಗ ಡಾಕ್ಟರು ಏನೂ ಹೇಳದೆ ತಲೆಯಾಡಿಸಿದರು. ಅಟ್ಯಾಕ್ ಆಗಿರಲಿಲ್ಲ. ಎರಡು ದಿನ ಇರಿಸಿಕೊಂಡು, ಅದೇ ಮಾತ್ರೆ ಮತ್ತೆ ಶುರು ಮಾಡಿ ಕಳುಹಿಸಿದರು.

ಇದರ ಹಿಂದಿನ ಕೆಲಸವನ್ನು ತಿಳಿದುಕೊಂಡರೆ ಆ ತಲೆಯಾಡಿಸುವಿಕೆ ಅರ್ಥವಾಗುತ್ತದೆ. ಓಟ, ಸಿಟ್ಟು, ಗಾಬರಿ, ಬೆಟ್ಟ ಹತ್ತುವ ಶ್ರಮ ಯಾವುದೇ ಇರಲಿ, ದೇಹ ಅಡ್ರಿನಲಿನ್ ಮತ್ತು ಅದರ ಸೋದರ ರಾಸಾಯನಿಕವಾದ ನಾರ್‌ಅಡ್ರಿನಲಿನನ್ನು ಬಿಡುಗಡೆ ಮಾಡುತ್ತದೆ. ಅವು ಹೃದಯದ ಕೋಶಗಳ ಮೇಲಿರುವ ಬೀಟಾ ಗ್ರಾಹಕಗಳಿಗೆ, ಅಂದರೆ ಸಂದೇಶ ಹಿಡಿಯುವ ತಾಣಗಳಿಗೆ, ತಗಲಿದಾಗ ಬಡಿತ ಜೋರಾಗುತ್ತದೆ, ಹೃದಯ ಹೆಚ್ಚು ಬಲವಾಗಿ ಹಿಂಡುತ್ತದೆ, ಅದಕ್ಕೆ ಹೆಚ್ಚು ಆಮ್ಲಜನಕ ಬೇಕಾಗುತ್ತದೆ. ಕಿರಿದಾದ ರಕ್ತನಾಳದಿಂದ ಅಷ್ಟು ಆಮ್ಲಜನಕ ಒದಗದಿದ್ದಾಗ ಎದೆನೋವು ಬರುತ್ತದೆ. ಸ್ಕಾಟ್ಲೆಂಡಿನ ಔಷಧ ವಿಜ್ಞಾನಿ ಜೇಮ್ಸ್ ಬ್ಲ್ಯಾಕ್ ಯೋಚಿಸಿದ್ದು ಇಲ್ಲಿ. ಹೃದಯಕ್ಕೆ ಹೋಗುವ ಪೂರೈಕೆಯನ್ನು ಹೆಚ್ಚಿಸುವ ಬದಲು ಹೃದಯದ ಬೇಡಿಕೆಯನ್ನೇ ಯಾಕೆ ತಗ್ಗಿಸಬಾರದು ಎಂದು ಅವರು ಹೊರಟರು. 1960ರ ದಶಕದಲ್ಲಿ ಪ್ರೊಪ್ರನೊಲಾಲ್ ಬಳಕೆಗೆ ಬಂತು, 1988ರಲ್ಲಿ ಅವರಿಗೆ ವೈದ್ಯಕೀಯ ನೊಬೆಲ್‌ನ ಪಾಲು ಸಿಕ್ಕಿತು. ಮಾತ್ರೆ ಆ ಗ್ರಾಹಕಗಳನ್ನು ಆವರಿಸಿ ಕೂತಿರುವಷ್ಟು ಕಾಲ ಅಡ್ರಿನಲಿನ್‌ನ ಮಾತು ಅಷ್ಟಾಗಿ ನಡೆಯುವುದಿಲ್ಲ. ಆದರೆ ದೇಹವೂ ಸುಮ್ಮನಿರುವುದಿಲ್ಲ. ಸಂದೇಶ ಮುಟ್ಟುತ್ತಿಲ್ಲವೆಂದು ಅದು ಕ್ರಮೇಣ ಗ್ರಾಹಕಗಳ ಸಂಖ್ಯೆಯನ್ನು ಹೆಚ್ಚಿಸಿಕೊಳ್ಳುತ್ತದೆ. ಹೀಗಿರುವಾಗ ಒಂದು ದಿನ ಮಾತ್ರೆ ನಿಂತರೆ, ಅದೇ ಅಡ್ರಿನಲಿನ್ ಈಗ ಮೊದಲಿಗಿಂತ ಹೆಚ್ಚು ಕಡೆ ತಗಲುತ್ತದೆ. ನಾಡಿ ಚಿಮ್ಮುತ್ತದೆ, ಬಿಪಿ ಏರುತ್ತದೆ, ರಕ್ತನಾಳದಲ್ಲಿ ತಡೆಯಿರುವವರಿಗೆ ಎದೆನೋವು ಮರುಕಳಿಸಬಹುದು, ಅಟ್ಯಾಕ್ ಕೂಡ ಆಗಬಹುದು. ಈ ಎಚ್ಚರಿಕೆಯನ್ನು ಅಮೆರಿಕದ ಔಷಧ ನಿಯಂತ್ರಕರು ಮಾಹಿತಿ ಪತ್ರದ ತಲೆಯಲ್ಲೇ ಚೌಕಟ್ಟು ಕಟ್ಟಿ ಮುದ್ರಿಸುವಂತೆ ಮಾಡಿದ್ದಾರೆ. ನಮ್ಮಲ್ಲಿ ಅಂಗಡಿಯವರು ಕತ್ತರಿಯಿಂದ ಸ್ಟ್ರಿಪ್ ಕತ್ತರಿಸಿ ಹತ್ತು ಮಾತ್ರೆ ಕೊಡುವಾಗ ಆ ಪತ್ರ ಡಬ್ಬದಲ್ಲೇ ಉಳಿಯುತ್ತದೆ.

ಒಂದು ಹೊತ್ತಿನ ಮಾತ್ರೆ ಮರೆತರೆ ಗಾಬರಿ ಬೇಡ. ನೆನಪಾದ ಕೂಡಲೇ ತೆಗೆದುಕೊಳ್ಳಬಹುದು. ಮುಂದಿನ ಹೊತ್ತು ಹತ್ತಿರ ಬಂದಿದ್ದರೆ ಮರೆತದ್ದನ್ನು ಅಲ್ಲಿಗೇ ಬಿಡಬೇಕು. ಎರಡನ್ನೂ ಸೇರಿಸಿ ನುಂಗುವುದು ಮಾತ್ರ ಕೂಡದು. ಊರಿಗೆ ಹೊರಡುವಾಗ ನಾಲ್ಕು ಮಾತ್ರೆ ಹೆಚ್ಚಿಗೆ ಇಟ್ಟುಕೊಳ್ಳುವುದು ಇದಕ್ಕಿಂತ ಮುಖ್ಯ. ಭಾನುವಾರ ಸಂಜೆ ಹಳ್ಳಿಯ ಮೆಡಿಕಲ್ ಸ್ಟೋರಿನಲ್ಲಿ ಬೈಸೊಪ್ರೊಲಾಲ್ ಹುಡುಕುವ ಪಾಡು ಯಾರಿಗೂ ಬೇಡ.

ಏಕಾದಶಿಯ ಮಧ್ಯಾಹ್ನ

ಮಲ್ಲೇಶ್ವರದಲ್ಲಿರುವ ನಮ್ಮ ಸೋದರತ್ತೆಗೆ ಕೈ ನಡುಗುವ ತೊಂದರೆಯಿತ್ತು. ಚುಕ್ಕಿ ಇಟ್ಟು ರಂಗೋಲಿ ಎಳೆ ಎಳೆಯಲಾಗದು, ಕಾಫಿ ಲೋಟ ಹಿಡಿದರೆ ತುಳುಕುತ್ತಿತ್ತು. ಡಾಕ್ಟರು ಪ್ರೊಪ್ರನೊಲಾಲ್ ಬರೆದ ಮೇಲೆ ನಡುಕ ಬಹುಮಟ್ಟಿಗೆ ತಗ್ಗಿತು, ಬಿಪಿಯೂ ಹದಕ್ಕೆ ಬಂತು. ಈ ಮಾತ್ರೆ ಕೈಯನ್ನು ಎಷ್ಟು ಸ್ಥಿರವಾಗಿಸುತ್ತದೆಯೆಂದರೆ ಶೂಟಿಂಗ್, ಬಿಲ್ಲುಗಾರಿಕೆಯಂಥ ಕ್ರೀಡೆಗಳಲ್ಲಿ ಇದು ನಿಷಿದ್ಧ. 2008ರ ಬೀಜಿಂಗ್ ಒಲಿಂಪಿಕ್ಸಿನಲ್ಲಿ ಉತ್ತರ ಕೊರಿಯಾದ ಶೂಟರ್ ಒಬ್ಬರು ಗೆದ್ದ ಎರಡು ಪದಕಗಳನ್ನು ಇದೇ ಔಷಧದ ಕಾರಣಕ್ಕೆ ಕಳೆದುಕೊಂಡರು. ನಮ್ಮತ್ತೆಗೆ ರಂಗೋಲಿ ವಾಪಸು ಬಂದದ್ದಷ್ಟೇ ಮುಖ್ಯವಾಗಿತ್ತು.

ಅತ್ತೆಗೆ ಶುಗರ್ ಕೂಡ ಇದೆ, ಅದಕ್ಕೆ ಗ್ಲಿಮೆಪಿರೈಡ್. ವೈಕುಂಠ ಏಕಾದಶಿಯ ದಿನ ಬೆಳಿಗ್ಗೆ ಅಭ್ಯಾಸಬಲದಿಂದ ಎಲ್ಲ ಮಾತ್ರೆ ನುಂಗಿ, ದೇವಸ್ಥಾನದ ಸಾಲಿನಲ್ಲಿ ನಿಂತು ಬಂದು, ಏನೂ ತಿನ್ನದೆ ಕುಳಿತಿದ್ದರು. ಮಧ್ಯಾಹ್ನ ನಾನು ಹೋದಾಗ ಚಳಿಗಾಲದ ತಣ್ಣನೆಯ ಹಜಾರದಲ್ಲಿ ಅವರ ಕುಪ್ಪಸದ ಬೆನ್ನು ಪೂರ್ತಿ ಒದ್ದೆಯಾಗಿತ್ತು, ಮೇಲ್ದುಟಿಯ ಮೇಲೆ ಬೆವರ ಹನಿ. ಕೈ ನಡುಗುತ್ತಿರಲಿಲ್ಲ. ಎದೆ ಡವಗುಟ್ಟುತ್ತಿದೆಯೇ ಎಂದರೆ ಇಲ್ಲವೆಂದರು. "ಯಾವಾಗ ಬಂದ್ಯೋ?" ಎಂದು ಕೇಳಿದರು. ಹೇಳಿದೆ. ಚಪ್ಪಲಿ ಬಿಟ್ಟು ಬರುವಷ್ಟರಲ್ಲಿ ಮತ್ತೆ ಅದೇ ಪ್ರಶ್ನೆ. ಗ್ಲೂಕೋಮೀಟರ್ ಚುಚ್ಚಿದರೆ 54. ಪಾನಕ ಕೊಡಲು ಹೋದರೆ "ಪಾರಣೆಗೆ ಮುಂಚೆ ಏನೂ ಬೇಡ ಕಣೋ" ಎಂದು ಲೋಟ ಸರಿಸಿದರು. ಸೊಸೆ ಗದರಿಸಿ ಮೂರು ಚಮಚ ಸಕ್ಕರೆ ಕದಡಿದ ನೀರನ್ನು ಕುಡಿಸಿದಳು. ಕಾಲು ಗಂಟೆ ಬಿಟ್ಟು ಮತ್ತೆ ನೋಡಿದಾಗ ಎಂಬತ್ತು ದಾಟಿತ್ತು. ಆಮೇಲೆ ಹಣ್ಣು, ಹಾಲು ಕೊಟ್ಟದ್ದಾಯಿತು.

ಹಿಂದೆ ಶುಗರ್ ಇಳಿದಾಗಲೆಲ್ಲ ಕೈನಡುಕ ಮತ್ತು ಎದೆಬಡಿತ ಅವರನ್ನು ಎಚ್ಚರಿಸುತ್ತಿದ್ದವು, ತಾವೇ ಎದ್ದು ಬೆಲ್ಲ ಬಾಯಿಗೆ ಹಾಕಿಕೊಳ್ಳುತ್ತಿದ್ದರು. ಆ ಎರಡೂ ಸೂಚನೆಗಳು ಅಡ್ರಿನಲಿನ್ ಬೀಟಾ ಗ್ರಾಹಕಗಳ ಮೂಲಕ ಕೊಡುವಂಥವು, ಹಾಗಾಗಿ ಮಾತ್ರೆ ಅವನ್ನು ಮುಚ್ಚಿಬಿಟ್ಟಿತ್ತು. ಬೆವರಿನ ದಾರಿ ಬೇರೆಯಾದ್ದರಿಂದ ಅದೊಂದು ಉಳಿದಿತ್ತು. ಪ್ರೊಪ್ರನೊಲಾಲ್ ಎಲ್ಲ ಬೀಟಾ ಗ್ರಾಹಕಗಳನ್ನೂ ತಡೆಯುವುದರಿಂದ ಈ ಮರೆಮಾಚುವಿಕೆ ಅದರಲ್ಲಿ ಹೆಚ್ಚು. ಹೃದಯವನ್ನೇ ಮುಖ್ಯವಾಗಿ ಗುರಿಯಾಗಿಸುವ ಮೆಟೊಪ್ರೊಲಾಲ್, ಬೈಸೊಪ್ರೊಲಾಲ್‌ಗಳಲ್ಲಿ ಕಡಿಮೆ, ಆದರೆ ಇಲ್ಲವೇ ಇಲ್ಲವೆನ್ನುವಂತಿಲ್ಲ. ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್‌ನಂಥ ಮಾತ್ರೆಯ ಜೊತೆಗೆ ಬೀಟಾ ಬ್ಲಾಕರ್ ಇರುವ ಮನೆಯಲ್ಲಿ ಕಾರಣವಿಲ್ಲದ ಬೆವರು ಮತ್ತು ಮಂಕು ಕಂಡರೆ ಮೊದಲು ಶುಗರ್ ನೋಡುವುದು ಎಲ್ಲರಿಗೂ ರೂಢಿಯಾಗಬೇಕು. ಉಪವಾಸ ಮಾಡುವವರು ಹಿಂದಿನ ದಿನವೇ ಶುಗರ್ ಮಾತ್ರೆಯ ಬಗ್ಗೆ ಡಾಕ್ಟರನ್ನು ಕೇಳಬೇಕು. ಅತ್ತೆ ಈಗ ಏಕಾದಶಿಗೆ ಹಾಲು ಹಣ್ಣು ತೆಗೆದುಕೊಳ್ಳುತ್ತಾರೆ, ಗೊಣಗುತ್ತಲೇ.

ನಾಡಿಯನ್ನು ನಂಬಿ ವ್ಯಾಯಾಮ ಮಾಡುವವರಿಗೂ ಇದೇ ಕಾರಣಕ್ಕೆ ಒಂದು ಮಾತು. 220ರಿಂದ ವಯಸ್ಸನ್ನು ಕಳೆದು ಇಷ್ಟು ಬಡಿತ ಮುಟ್ಟಬೇಕು ಎಂದು ಕೈಗಡಿಯಾರ ಹೇಳುತ್ತದಲ್ಲ, ಆ ಲೆಕ್ಕ ಬೀಟಾ ಬ್ಲಾಕರ್ ತೆಗೆದುಕೊಳ್ಳುವವರಿಗೆ ಹೊಂದುವುದಿಲ್ಲ. ಆ ಸಂಖ್ಯೆ ಮುಟ್ಟಲೇಬೇಕೆಂದು ಕಬ್ಬನ್ ಪಾರ್ಕಿನಲ್ಲಿ ಏದುಸಿರು ಬಿಡುವುದು ಅಪಾಯಕಾರಿ. ಪಕ್ಕದವರೊಂದಿಗೆ ಮಾತನಾಡುತ್ತ ನಡೆಯಲು ಸಾಧ್ಯವಾಗುವಷ್ಟು ವೇಗ ಸಾಕು.

ಅದೇ ಸಾಲ್ಟು, ಬೇರೆ ಕಂಪನಿ

ಗಾಂಧಿಬಜಾರಿನ ಮೆಡಿಕಲ್ ಸ್ಟೋರಿನ ಮುಂದೆ ನಿಂತರೆ "ಅದೇ ಸಾಲ್ಟು, ಬೇರೆ ಕಂಪನಿ" ಎಂಬ ಮಾತು ಕಿವಿಗೆ ಬೀಳದೆ ಇರದು. ಸಾಲ್ಟು ಎಂದರೆ ಮಾತ್ರೆಯೊಳಗಿನ ಔಷಧ. ಬ್ರ್ಯಾಂಡ್ ಬದಲಾಯಿಸುವುದರಲ್ಲಿ ತಪ್ಪೇನಿಲ್ಲ, ಜನೌಷಧಿ ಕೇಂದ್ರದಿಂದ ಕಡಿಮೆ ದುಡ್ಡಿಗೆ ತರುವುದೂ ಸರಿಯೇ. ಮೆಟೊಪ್ರೊಲಾಲ್ ವಿಚಾರದಲ್ಲಿ ಮಾತ್ರ ಒಂದು ಸೂಕ್ಷ್ಮವಿದೆ. ಅದು ಟಾರ್ಟ್ರೇಟ್, ಸಕ್ಸಿನೇಟ್ ಎಂಬ ಎರಡು ರೂಪಗಳಲ್ಲಿ ಸಿಗುತ್ತದೆ. ಟಾರ್ಟ್ರೇಟನ್ನು ಸಾಮಾನ್ಯವಾಗಿ ದಿನಕ್ಕೆ ಎರಡು ಹೊತ್ತು ತೆಗೆದುಕೊಳ್ಳಬೇಕು. ಸಕ್ಸಿನೇಟ್, ಅಂದರೆ ಹೆಸರಿನ ಜೊತೆಗೆ ಎಕ್ಸ್‌ಎಲ್ ಎಂದಿರುವುದು, ಇಡೀ ದಿನ ನಿಧಾನವಾಗಿ ಬಿಡುಗಡೆಯಾಗುವಂತೆ ಮಾಡಿದ್ದು, ಒಂದೇ ಹೊತ್ತು ಸಾಕು. ಹೃದಯದ ಪಂಪಿಂಗ್ ಕಡಿಮೆಯಿರುವವರಲ್ಲಿ ಸಾವನ್ನು ತಗ್ಗಿಸುತ್ತದೆ ಎಂದು 1999ರ ಮೆರಿಟ್ ಎಚ್‌ಎಫ್ ಪ್ರಯೋಗದಲ್ಲಿ ಸಿದ್ಧವಾದದ್ದು ಸಕ್ಸಿನೇಟ್. ಇವೆರಡನ್ನು ಒಂದರ ಬದಲು ಒಂದು ಕೊಡುವಂತಿಲ್ಲ. ಎಕ್ಸ್‌ಎಲ್ ಮಾತ್ರೆಯ ಮಧ್ಯೆ ಗೆರೆಯಿದ್ದರೆ, ಡಾಕ್ಟರು ಹೇಳಿದ್ದರೆ, ಗೆರೆಯ ಗುಂಟ ಅರ್ಧ ಮಾಡಬಹುದು. ಅಜ್ಜಿಗೆ ನುಂಗಲು ಕಷ್ಟವೆಂದು ಚಮಚದಲ್ಲಿ ಪುಡಿಮಾಡಿ ಜೇನಿನಲ್ಲಿ ಕಲಸಿದರೆ, ಇಡೀ ದಿನಕ್ಕೆ ಹಂಚಿಕೆಯಾಗಬೇಕಿದ್ದ ಔಷಧ ಒಟ್ಟಿಗೆ ರಕ್ತಕ್ಕೆ ಸೇರುತ್ತದೆ.

ಇನ್ನೊಂದು ಗೊಂದಲ ಎರಡು ಚೀಟಿಗಳದ್ದು. ಹೃದಯದ ಡಾಕ್ಟರು ಮೆಟೊಪ್ರೊಲಾಲ್ ಬರೆದಿರುತ್ತಾರೆ, ಮನೆಯ ಹತ್ತಿರದ ಕ್ಲಿನಿಕ್ಕಿನಲ್ಲಿ ಬಿಪಿಗೆಂದು ಟೆಲ್ಮಿಸಾರ್ಟನ್ ಜೊತೆ ಮೆಟೊಪ್ರೊಲಾಲ್ ಸೇರಿಸಿದ ಮಾತ್ರೆ ಕೊಟ್ಟಿರುತ್ತಾರೆ. ಎರಡು ಬಣ್ಣ, ಎರಡು ಹೆಸರು, ಒಳಗಿನದು ಒಂದೇ. ಸ್ಟ್ರಿಪ್ಪಿನ ಹಿಂಬದಿಯ ಸಣ್ಣಕ್ಷರಗಳನ್ನು ಓದದ ಹೊರತು ಇದು ತಿಳಿಯುವುದಿಲ್ಲ. 'ಮೆಟ್' ಎಂದೇ ಶುರುವಾಗುವ ಶುಗರಿನ ಮೆಟ್‌ಫಾರ್ಮಿನ್ ಕೂಡ ಅದೇ ಡಬ್ಬಿಯಲ್ಲಿದ್ದರೆ ಕನ್ನಡಕ ಹುಡುಕಿ ಹಾಕಿಕೊಳ್ಳುವುದೇ ಲೇಸು.

ಯಾರಿಗೆಲ್ಲ ಹೇಳಬೇಕು

ಬೇರೆ ಯಾವುದೇ ಡಾಕ್ಟರ ಹತ್ತಿರ ಹೋದಾಗ ಈ ಮಾತ್ರೆಯ ಹೆಸರನ್ನು ತಾನಾಗಿಯೇ ಹೇಳಬೇಕು ಎಂಬುದು ನನ್ನ ಹಠ. ಕಣ್ಣಿನ ಡಾಕ್ಟರಿಗೆ ಬಿಪಿ ಮಾತ್ರೆಯ ವಿಚಾರವೇಕೆ ಎಂದು ಕೇಳುವವರಿದ್ದಾರೆ. ಗ್ಲಾಕೋಮಾಕ್ಕೆ ಹಾಕುವ ಟಿಮೊಲಾಲ್ ಹನಿಯೂ ಬೀಟಾ ಬ್ಲಾಕರ್ರೇ. ಕಣ್ಣಿನಿಂದ ಮೂಗಿನ ದಾರಿಯಲ್ಲಿ ಅದು ರಕ್ತಕ್ಕೆ ಸೇರುತ್ತದೆ. ಮಾತ್ರೆಯ ಜೊತೆ ಅದೂ ಸೇರಿದಾಗ ವಯಸ್ಸಾದವರ ನಾಡಿ ತೀರಾ ಇಳಿಯಬಹುದು, ಅಸ್ತಮಾ ಇರುವವರಿಗೆ ಆ ಹನಿಯಿಂದಲೇ ಉಬ್ಬಸ ಕೆರಳಬಹುದು. ಬೆಂಗಳೂರಿನ ದೂಳು, ಪರಾಗಗಳ ನಡುವೆ ಇನ್ಹೇಲರ್ ಇಟ್ಟುಕೊಂಡವರು ಮನೆಮನೆಗೂ ಇದ್ದಾರೆ. ಅಂಥವರು ಪ್ರೊಪ್ರನೊಲಾಲ್‌ನಿಂದ ದೂರವಿರಬೇಕು. ಬೇರೆ ಬೀಟಾ ಬ್ಲಾಕರ್ ಅನಿವಾರ್ಯವಾದರೆ ಡಾಕ್ಟರ ನಿಗಾದಲ್ಲಿ ಕಡಿಮೆ ಪ್ರಮಾಣದಿಂದ ಆರಂಭಿಸಬೇಕು. ಆಫೀಸಿನ ಪ್ರೆಸೆಂಟೇಶನ್ನಿಗೆ ಎದೆ ಹೊಡೆದುಕೊಳ್ಳಬಾರದೆಂದು ಗೆಳೆಯರಿಂದ ಪ್ರೊಪ್ರನೊಲಾಲ್ ಇಸಿದುಕೊಳ್ಳುವ ಯುವಕರಿಗೆ ಇದನ್ನು ಎರಡು ಸಲ ಹೇಳಬೇಕು.

ವೆರಪಮಿಲ್, ಡಿಲ್ಟಿಯಾಜೆಮ್ ಎಂಬ ಹೃದಯದ ಮಾತ್ರೆಗಳು ಇದರ ಜೊತೆ ಸೇರಿದರೆ ಬಡಿತ ಅಪಾಯದ ಮಟ್ಟಕ್ಕೆ ನಿಧಾನವಾಗಬಹುದು. ಖಿನ್ನತೆಗೆ ಕೊಡುವ ಫ್ಲುಯೊಕ್ಸೆಟಿನ್, ಪ್ಯಾರೊಕ್ಸೆಟಿನ್‌ಗಳು ಯಕೃತ್ತಿನಲ್ಲಿ ಮೆಟೊಪ್ರೊಲಾಲ್ ಕರಗುವುದನ್ನು ತಡೆದು ರಕ್ತದಲ್ಲಿ ಅದರ ಪ್ರಮಾಣವನ್ನು ಏರಿಸುತ್ತವೆ. ಮಂಡಿನೋವಿಗೆಂದು ದಿನವೂ ನುಂಗುವ ಡೈಕ್ಲೊಫೆನಾಕ್ ಬಿಪಿ ಇಳಿಸುವ ಪರಿಣಾಮವನ್ನು ಕುಂದಿಸುತ್ತದೆ. ಆಪರೇಷನ್ ಇದ್ದರೆ ಅರಿವಳಿಕೆ ಕೊಡುವ ಡಾಕ್ಟರಿಗೆ ತಿಳಿಸಲೇಬೇಕು. ಹೊಟ್ಟೆ ಖಾಲಿ ಇರಬೇಕೆಂದು ಆ ಬೆಳಿಗ್ಗೆ ಈ ಮಾತ್ರೆಯನ್ನೂ ಬಿಡುವವರಿದ್ದಾರೆ. ಸಾಮಾನ್ಯವಾಗಿ ಒಂದು ಗುಟುಕು ನೀರಿನೊಂದಿಗೆ ಅದನ್ನು ತೆಗೆದುಕೊಳ್ಳಲು ಹೇಳುತ್ತಾರೆ. ಥಟ್ಟನೆ ಬಿಡುವುದು ಕೆಟ್ಟದ್ದಾದಂತೆ ಥಟ್ಟನೆ ದೊಡ್ಡ ಪ್ರಮಾಣದಲ್ಲಿ ಶುರು ಮಾಡುವುದೂ ಕೆಟ್ಟದ್ದೇ. 2008ರಲ್ಲಿ ಪ್ರಕಟವಾದ ಪಾಯ್ಸ್ ಎಂಬ ಪ್ರಯೋಗದಲ್ಲಿ ಆಪರೇಷನ್ನಿಗೆ ಕೆಲವೇ ಗಂಟೆ ಮುಂಚೆ ಹೊಸದಾಗಿ ಹೆಚ್ಚಿನ ಮೆಟೊಪ್ರೊಲಾಲ್ ಕೊಟ್ಟವರಲ್ಲಿ ಅಟ್ಯಾಕ್ ಕಡಿಮೆಯಾದರೂ ಪಾರ್ಶ್ವವಾಯು ಮತ್ತು ಸಾವು ಹೆಚ್ಚಾದವು.

ಹೇಳದೆ ಬಿಡುವುದು, ಕೇಳಿ ಬಿಡುವುದು

ಬಿಪಿ ಸರಿಹೋಯಿತೆಂದು ಬಿಡುವವರು ಬಾಯಿಬಿಟ್ಟು ಹೇಳುತ್ತಾರೆ. ಬೇರೆ ಕಾರಣಕ್ಕೆ ಬಿಡುವವರು ಹೇಳುವುದಿಲ್ಲ. ಮೈಯೆಲ್ಲ ಸೋತಂತೆ ಇರುವುದು, ಕೈಕಾಲು ತಣ್ಣಗಾಗುವುದು, ರಾತ್ರಿ ವಿಚಿತ್ರ ಕನಸುಗಳು, ಗಂಡಸರಿಗೆ ಲೈಂಗಿಕ ತೊಂದರೆ ಇವೆಲ್ಲ ಈ ಮಾತ್ರೆಯಿಂದ ಕೆಲವರಿಗೆ ಆಗುತ್ತವೆ. ಎರಡು ನಿಮಿಷದ ಓಪಿಡಿ ಭೇಟಿಯಲ್ಲಿ, ಪಕ್ಕದಲ್ಲಿ ಮಗಳೋ ಸೊಸೆಯೋ ನಿಂತಿರುವಾಗ, ಕೊನೆಯದನ್ನು ಯಾವ ಹಿರಿಯರೂ ಎತ್ತುವುದಿಲ್ಲ. ಮನೆಗೆ ಬಂದು ಮಾತ್ರೆಯನ್ನು ಸದ್ದಿಲ್ಲದೆ ನಿಲ್ಲಿಸುತ್ತಾರೆ. ಜೊತೆಗೆ ಹೋಗುವ ನಾವು ಆ ಎರಡು ನಿಮಿಷದಲ್ಲಿ ಒಂದು ನಿಮಿಷ ಹೊರಗೆ ನಿಂತರೆ ಅಷ್ಟರಮಟ್ಟಿಗೆ ಉಪಕಾರ. ಪ್ರಮಾಣ ತಗ್ಗಿಸಲು, ಬೀಟಾ ಬ್ಲಾಕರ್ ಕುಟುಂಬದ ಇನ್ನೊಂದು ಮಾತ್ರೆಗೆ ಬದಲಿಸಲು ದಾರಿಗಳಿರುತ್ತವೆ. ಹೃದಯದ ಪಂಪಿಂಗ್ ಕಡಿಮೆಯಿದ್ದು ಹೊಸದಾಗಿ ಶುರು ಮಾಡಿದವರಿಗೆ ಮೊದಲ ವಾರಗಳಲ್ಲಿ ಸುಸ್ತು ಹೆಚ್ಚಾದಂತೆ ಅನಿಸುವುದುಂಟು. ಹಾಗಾಗಿಯೇ ಕಾರ್ವೆಡಿಲಾಲನ್ನು 3.125 ಮಿಲಿಗ್ರಾಂನಷ್ಟು ಸಣ್ಣ ಪ್ರಮಾಣದಿಂದ, ಊಟದ ಜೊತೆಗೆ, ಆರಂಭಿಸಿ ಎರಡು ವಾರಕ್ಕೊಮ್ಮೆ ಏರಿಸುತ್ತಾ ಹೋಗುತ್ತಾರೆ. ಈ ನಡುವೆ ಎರಡು ಮೂರು ದಿನಗಳಲ್ಲಿ ತೂಕ ಎರಡು ಕಿಲೋ ಏರಿದರೆ, ಕಾಲು ಊದಿದರೆ, ಮಲಗಿದಾಗ ಉಸಿರು ಕಟ್ಟಿದರೆ ತಡಮಾಡದೆ ತೋರಿಸಬೇಕು. ನಾಡಿ ಐವತ್ತರ ಕೆಳಗಿಳಿದು ತಲೆ ಸುತ್ತಿದರೂ, ಕಣ್ಣು ಕತ್ತಲೆ ಬಂದರೂ ಹಾಗೆಯೇ.

ಹಾಗಾದರೆ ಇದನ್ನು ಜೀವಮಾನವಿಡೀ ನುಂಗಬೇಕೇ? ಎಲ್ಲರೂ ಅಲ್ಲ. 2024ರಲ್ಲಿ ಪ್ರಕಟವಾದ ರೆಡ್ಯೂಸ್ ಎಎಂಐ ಎಂಬ ಪ್ರಯೋಗದಲ್ಲಿ, ಅಟ್ಯಾಕ್ ಆದ ಮೇಲೂ ಹೃದಯದ ಪಂಪಿಂಗ್ ಚೆನ್ನಾಗಿಯೇ ಉಳಿದಿದ್ದ ಐದು ಸಾವಿರದಷ್ಟು ಜನರಲ್ಲಿ ಬೀಟಾ ಬ್ಲಾಕರ್ ಕೊಟ್ಟವರಿಗೂ ಕೊಡದವರಿಗೂ ಸಾವು ಅಥವಾ ಮತ್ತೊಂದು ಅಟ್ಯಾಕಿನ ವಿಷಯದಲ್ಲಿ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ. ಅದೇ ವರ್ಷ ಫ್ರಾನ್ಸಿನ ಅಬಿಸ್ ಪ್ರಯೋಗಕ್ಕೆ, ಬಹಳ ಕಾಲದಿಂದ ತೆಗೆದುಕೊಳ್ಳುತ್ತಿದ್ದವರು ನಿಲ್ಲಿಸುವುದು ಮುಂದುವರಿಸಿದಷ್ಟೇ ಸುರಕ್ಷಿತ ಎಂದು ತೋರಿಸಲು ಆಗಲಿಲ್ಲ. ನಿಲ್ಲಿಸಿದವರು ಹೃದಯದ ತೊಂದರೆಗೆ ಹೆಚ್ಚು ಸಲ ಆಸ್ಪತ್ರೆ ಸೇರಿದರು. ವೈದ್ಯರೇ ಯೋಚಿಸುತ್ತಿರುವ ಪ್ರಶ್ನೆ ಇದು, ಕಲ್ಲುಬೆಂಚಿನ ಮೇಲೆ ತೀರ್ಮಾನವಾಗುವಂಥದ್ದಲ್ಲ. ಆದರೆ ಕೇಳುವುದರಲ್ಲಿ ಸಂಕೋಚ ಬೇಡ.

ನಮ್ಮ ಪಕ್ಕದ ಮನೆಯ ನಿವೃತ್ತ ಮೇಷ್ಟ್ರು ಕೇಳಿದರು. ಅವರಿಗೆ ಅಟ್ಯಾಕ್ ಆಗಿ ಬಹಳ ವರ್ಷಗಳಾಗಿದ್ದವು, ಎದೆನೋವು ಮರುಕಳಿಸಿರಲಿಲ್ಲ, ಈಚೆಗೆ ನಾಡಿ ತೀರಾ ನಿಧಾನವಾಗಿ ನಡೆದಾಡಲೂ ಆಯಾಸವಾಗುತ್ತಿತ್ತು. "ಇದು ನನಗೆ ಇನ್ನೂ ಯಾತಕ್ಕೆ ಬೇಕು ಅಂತ ಹೇಳ್ತೀರಾ ಡಾಕ್ಟ್ರೇ?" ಎಂದು ನೇರವಾಗಿ ಕೇಳಿದರಂತೆ. ಡಾಕ್ಟರು ಎಕೋ (ಹೃದಯದ ಸ್ಕ್ಯಾನ್) ಮಾಡಿಸಿ, ಇಸಿಜಿ ನೋಡಿ, ನಿಲ್ಲಿಸಬಹುದು ಎಂದರು. ಮೇಷ್ಟ್ರು ತಂದು ತೋರಿಸಿದ ಚೀಟಿಯಲ್ಲಿ ಐವತ್ತು ಮಿಲಿಗ್ರಾಂನ ಮಾತ್ರೆ ಒಂದು ವಾರ ಇಪ್ಪತ್ತೈದಕ್ಕೆ, ಮುಂದಿನ ವಾರ ಹನ್ನೆರಡೂವರೆಗೆ ಇಳಿದು, ಮೂರನೆಯ ವಾರ ಗೆರೆ ಎಳೆದಿತ್ತು. ಅಷ್ಟು ದಿನ ಬೆಳಿಗ್ಗೆ ಸಂಜೆ ಬಿಪಿ, ನಾಡಿ ಬರೆದಿಡುವುದು, ಭಾರ ಎತ್ತದಿರುವುದು, ಬೆಟ್ಟಗುಡ್ಡ ಹತ್ತದಿರುವುದು, ಎದೆಯಲ್ಲಿ ಏನೇ ಆದರೂ ಮಾತ್ರೆ ಮತ್ತೆ ಶುರು ಮಾಡಿ ಫೋನ್ ಮಾಡುವುದು ಎಂದೂ ಬರೆದಿದ್ದರು. ಮೇಷ್ಟ್ರು ಹಳೆಯ ಹಾಜರಿ ಪುಸ್ತಕವೊಂದರಲ್ಲಿ ಕೆಂಪು ಶಾಯಿಯಿಂದ ಕಾಲಂ ಎಳೆದುಕೊಂಡು ನಾಡಿ ಬರೆಯಲು ಶುರು ಮಾಡಿದರು. ಆ ತಿಂಗಳು ಗೊತ್ತಾಗಿದ್ದ ತಿರುಪತಿ ಯಾತ್ರೆಯನ್ನು ಮುಂದಕ್ಕೆ ಹಾಕಿದರು.